ಲಂಡನ್ನಿನ ಹರಾಜು ಕೋಣೆಯಿಂದ ಎಗಮ್‌ವರೆಗೆ

ಗ್ರೀನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಸೇಂಟ್ ಜೇಮ್ಸ್ ಕಡೆಗೆ ಸ್ವಲ್ಪ ನಡೆದರೆ ಕಿಂಗ್ ಸ್ಟ್ರೀಟ್ ಸಿಗುತ್ತದೆ. ಇಲ್ಲಿನ 8ನೇ ನಂಬರಿನಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆ 1823ರಿಂದ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಕಟ್ಟಡ ಹಾಳಾಗಿತ್ತು. ಮತ್ತೆ ಕಟ್ಟಿ ಅಲ್ಲಿಗೇ ಮರಳಿದರು. ಹರಾಜಿಗೆ ಮುಂಚಿನ ಕೆಲವು ದಿನ ಚಿತ್ರಗಳನ್ನೆಲ್ಲ ಗೋಡೆಗೆ ತೂಗುಹಾಕಿ ಬಾಗಿಲು ತೆರೆದಿಡುತ್ತಾರೆ. ಟಿಕೆಟ್ ಇಲ್ಲ, ನೀವು ಯಾರು, ಕೊಳ್ಳುತ್ತೀರಾ ಎಂಬ ವಿಚಾರಣೆಯೂ ಇಲ್ಲ. ಲಂಡನ್ನಿಗೆ ಹೋಗುವ ನಮ್ಮವರು ಮೇಣದ ಗೊಂಬೆ ನೋಡಲು ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾರೆ. ಈ ಬಾಗಿಲು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ನನಗೆ ಹರಾಜು ಹೊಸದಲ್ಲ. ಬ್ಯಾಂಕಿನಲ್ಲಿದ್ದಾಗ, ಬಿಡಿಸಿಕೊಳ್ಳದೆ ಉಳಿದ ಅಡವಿನ ಚಿನ್ನವನ್ನು ಹರಾಜು ಹಾಕುವ ಕೆಲಸ ವರ್ಷಗಟ್ಟಲೆ ನನ್ನ ತಲೆಯ ಮೇಲಿತ್ತು. ಅದಕ್ಕೇ ಇರಬೇಕು, ಚಿತ್ರಕಲೆಯಲ್ಲಿ ನನ್ನನ್ನು ಮೊದಲು ಹಿಡಿದದ್ದು ಬಣ್ಣವಲ್ಲ, ಬೆಲೆ. ಅದರಲ್ಲೂ ಒಂದು ಜಾತಿಯ ಚಿತ್ರಗಳ ಬೆಲೆ. 19ನೇ ಶತಮಾನದ ಯುರೋಪಿನಲ್ಲಿ ಅಕಾಡೆಮಿಗಳ ಶಿಸ್ತಿನಲ್ಲಿ ಪಳಗಿದವರು ಗ್ರೀಸ್, ರೋಮ್, ಈಜಿಪ್ಟ್, ಬ್ಯಾಬಿಲೋನಿನ ಕಥೆಗಳನ್ನು ಬರೆದರು. ಅಮೃತಶಿಲೆಯ ಕಟ್ಟೆ, ಪಾರದರ್ಶಕ ಸೀರೆಯಂಥ ಉಡುಪು, ಹಿಂದೆ ನೀಲಿ ಸಮುದ್ರ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಎದುರು ನಿಂತವರಿಗೆ ಈ ಕೈಚಳಕದ ಪರಿಚಯ ಇದ್ದೇ ಇರುತ್ತದೆ. ರವಿವರ್ಮನೂ ಅದೇ ಕಾಲದವನು, ಎಣ್ಣೆಬಣ್ಣದಲ್ಲಿ ರೇಷ್ಮೆ ರೇಷ್ಮೆಯಾಗಿಯೇ ಕಾಣಬೇಕೆಂಬ ಹಟ ಅವನಲ್ಲೂ ಇತ್ತು. ಆದರೆ ಅವನ ಚಿತ್ರಗಳನ್ನು 1979ರಲ್ಲಿ ರಾಷ್ಟ್ರದ ಕಲಾನಿಧಿ ಎಂದು ಸಾರಿದ ಮೇಲೆ ದೇಶದ ಹೊರಗೆ ಒಯ್ಯುವಂತಿಲ್ಲ. ಯುರೋಪಿನ ಇವರ ಚಿತ್ರಗಳು ಮಾತ್ರ ಹರಾಜಿನಿಂದ ಹರಾಜಿಗೆ ಸಮುದ್ರ ದಾಟುತ್ತಲೇ ಇವೆ.

ವೀಕ್ಷಣೆಯ ದಿನ ನಾನು ಚಿತ್ರಗಳ ಮುಂಭಾಗಕ್ಕಿಂತ ಹಿಂಭಾಗವನ್ನೇ ಹೆಚ್ಚು ನೋಡಿದೆ. ವ್ಯಾಪಾರಿಯಂತೆ ಕಾಣುತ್ತಿದ್ದ ಹಿರಿಯರೊಬ್ಬರು ಒಂದು ಚಿತ್ರವನ್ನು ಕೆಳಗಿಳಿಸಲು ಕೇಳಿಕೊಂಡರು. ಸಿಬ್ಬಂದಿ ಕೈಗವಸು ಹಾಕಿಕೊಂಡು ಇಳಿಸಿ ತಿರುಗಿಸಿದಾಗ ನಾನೂ ಬಗ್ಗಿದೆ. ಕ್ಯಾನ್ವಾಸು ಬಿಗಿದ ಮರದ ಚೌಕಟ್ಟಿನ ಮೇಲೆ ಹಳೆಯ ಗ್ಯಾಲರಿಗಳ ಹರಿದ ಚೀಟಿಗಳು, ಸೀಮೆಸುಣ್ಣದ ಗೀಚು, ಕಪ್ಪು ಮಸಿಯಲ್ಲಿ ಅಚ್ಚೊತ್ತಿದ ಸಂಖ್ಯೆ. ತಮ್ಮಲ್ಲಿಗೆ ಬಂದ ಚಿತ್ರಗಳ ಬೆನ್ನಿಗೆ ಕ್ರಿಸ್ಟೀಸ್‌ನವರು ಹೀಗೆ ಸಂಖ್ಯೆ ಒತ್ತುವ ರೂಢಿ ಹಳೆಯದು. ಅದನ್ನು ಹಿಡಿದು ಹಳೆಯ ದಫ್ತರಗಳಲ್ಲಿ ಹುಡುಕಿದರೆ ಯಾವ ಕಾಲದಲ್ಲಿ ಯಾರು ತಂದು ಮಾರಿದ್ದು ಎಂದು ಸಿಗುತ್ತದೆ. ನಮ್ಮಲ್ಲಿ ಜಮೀನಿಗೆ ಋಣಭಾರ ಪತ್ರ ತೆಗೆಸುವಷ್ಟೇ ಮುಖ್ಯ ಇದು. ಆಮೇಲೆ ಆ ಹಿರಿಯರು ಜೇಬಿನಿಂದ ನೇರಳಾತೀತ ಬೆಳಕಿನ ಪುಟ್ಟ ಟಾರ್ಚ್ ತೆಗೆದು ಚಿತ್ರದ ಹೆಣ್ಣಿನ ಮುಖದ ಮೇಲೆ ಬಿಟ್ಟರು. ಕೆನ್ನೆಯ ಮೇಲೆ ಕಪ್ಪು ಮಚ್ಚೆಗಳು ಎದ್ದವು, ಯಾರೋ ಆಮೇಲೆ ತೇಪೆ ಹಾಕಿದ ಬಣ್ಣ. ಅವರು ಏನೂ ಹೇಳದೆ ಕ್ಯಾಟಲಾಗಿನಲ್ಲಿ ಒಂದು ಗೀಟು ಎಳೆದುಕೊಂಡರು.

ಹರಾಜಿನ ದಿನ ಹಿಂದಿನ ಸಾಲಿನಲ್ಲಿ ಕುಳಿತೆ. ನಮ್ಮ ಶಾಖೆಯ ಹರಾಜಿನಲ್ಲಿ ಅಕ್ಕಸಾಲಿಗರು, ಬಡ್ಡಿ ವ್ಯಾಪಾರಿಗಳು ಎದ್ದು ನಿಂತು ಸವಾಲು ಕೂಗುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ ಅನ್ನುವಷ್ಟರಲ್ಲಿ ಗಂಟಲು ಒಣಗುತ್ತಿತ್ತು. ಇಲ್ಲಿ ಕೂಗೇ ಇಲ್ಲ. ಕುರ್ಚಿಗಳು ಅರ್ಧ ಖಾಲಿ. ಪಕ್ಕದ ಉದ್ದನೆಯ ಮೇಜಿನ ಹಿಂದೆ ಫೋನ್ ಹಿಡಿದ ಸಿಬ್ಬಂದಿ ಬಾಯಿಗೆ ಕೈ ಅಡ್ಡ ಇಟ್ಟು ಯಾರದೋ ಕಿವಿಗೆ ಪಿಸುಗುಡುತ್ತಾರೆ, ಪರದೆಯ ಮೇಲೆ ಅಂಕಿ ಏರುತ್ತದೆ. ಪ್ರತಿ ಚಿತ್ರಕ್ಕೂ ಅಂದಾಜು ಬೆಲೆ ಅಚ್ಚಾಗಿರುತ್ತದೆ, ಇಷ್ಟರಿಂದ ಇಷ್ಟರವರೆಗೆ ಎಂದು. ಅದರ ಹಿಂದೆ ಮಾರುವವರಿಗೂ ಸಂಸ್ಥೆಗೂ ಮಾತ್ರ ಗೊತ್ತಿರುವ ಕನಿಷ್ಠ ಬೆಲೆ ಇನ್ನೊಂದು. ಅದು ಅಂದಾಜಿನ ಕೆಳಗಿನ ಅಂಕಿಯನ್ನು ಮೀರುವಂತಿಲ್ಲ. ಸವಾಲು ಆ ಗುಟ್ಟಿನ ಬೆಲೆ ಮುಟ್ಟುವ ತನಕ ಹರಾಜುಗಾರ ಮಾರುವವರ ಪರವಾಗಿ ತಾನೇ ಏರಿಸುತ್ತಾ ಹೋಗಬಹುದು. ಷರತ್ತುಗಳ ಪುಟದಲ್ಲಿ ಇದನ್ನು ಅಚ್ಚು ಹಾಕಿಯೇ ಇರುತ್ತಾರೆ, ಕಾನೂನಿಗೆ ವಿರುದ್ಧವಲ್ಲ. ನಮ್ಮ ಬ್ಯಾಂಕಿನಲ್ಲಿ ನಾನು ಹಾಗೆ ಮಾಡಿದ್ದರೆ ಮರುದಿನವೇ ಅಮಾನತು!

ಸುತ್ತಿಗೆ ಬಡಿದ ಬೆಲೆ ಕೊನೆಯ ಬೆಲೆಯೂ ಅಲ್ಲ. ಅದರ ಮೇಲೆ ಕೊಂಡವರು ಸಂಸ್ಥೆಗೆ ಸುಮಾರು ಕಾಲು ಭಾಗ ಶುಲ್ಕ ಸೇರಿಸಿ ಕೊಡಬೇಕು. ಪತ್ರಿಕೆಗಳಲ್ಲಿ ಬರುವ ದಾಖಲೆ ಬೆಲೆಗಳಲ್ಲಿ ಸಾಮಾನ್ಯವಾಗಿ ಇದೂ ಸೇರಿರುತ್ತದೆ. ಮೊದಲ ಸಲ ಹೆಸರು ಕೇಳಿದ ಚಿತ್ರಕಾರನೊಬ್ಬನ ರೋಮನ್ ಹುಡುಗಿ ಬಂದಳು. ಹರಾಜುಗಾರ ಎರಡು ಮೂರು ಅಂಕಿ ಹೇಳಿದರು, ಕೋಣೆ ಅಲ್ಲಾಡಲಿಲ್ಲ, ಸುತ್ತಿಗೆ ಸದ್ದಿಲ್ಲದೆ ಇಳಿಯಿತು, ಚಿತ್ರ ಮಾರಾಟವಾಗದೆ ಹೋಯಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಹೀಗೆ ವಾಪಸಾಗುವುದು ದೊಡ್ಡ ಹೆಸರುಗಳಿಗೂ ತಪ್ಪಿದ್ದಲ್ಲ. ಲಾರೆನ್ಸ್ ಆಲ್ಮಾ-ಟಾಡೆಮಾ ಹಾಲೆಂಡಿನಲ್ಲಿ ಹುಟ್ಟಿ 1870ರಲ್ಲಿ ಲಂಡನ್ನಿಗೆ ಬಂದು ನೆಲೆಸಿದವನು; ರೋಮಿನ ಅಮೃತಶಿಲೆಯನ್ನು ಅವನ ಹಾಗೆ ಬರೆದವರಿಲ್ಲ. ಅವನ 'ಹೆಲಿಯೊಗ್ಯಾಬಲಸ್‌ನ ಗುಲಾಬಿಗಳು' 1888ರದ್ದು. ರೋಮಿನ ಹುಚ್ಚು ದೊರೆಯೊಬ್ಬ ಔತಣಕ್ಕೆ ಕರೆದವರ ಮೇಲೆ ಚಾವಣಿಯಿಂದ ಹೂ ಸುರಿಸಿ ಉಸಿರುಗಟ್ಟಿಸುವ ದೃಶ್ಯ. ಹಳೆಯ ಕಥೆಯಲ್ಲಿದ್ದ ಹೂವನ್ನು ಬಿಟ್ಟು ಗುಲಾಬಿ ಹಾಕಿದ್ದು ಇವನ ಇಷ್ಟ. ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಗುಲಾಬಿ ಸಿಗದೆ ವಾರವಾರವೂ ದಕ್ಷಿಣ ಫ್ರಾನ್ಸಿನಿಂದ ತರಿಸಿ ಎದುರಿಗಿಟ್ಟುಕೊಂಡು ಬರೆದನಂತೆ. ಬರೆಸಿದವನು ಜಾನ್ ಏರ್ಡ್, ಮುಂದೆ ನೈಲ್ ನದಿಗೆ ಆಸ್ವಾನ್ ಅಣೆಕಟ್ಟು ಕಟ್ಟಿದ ಗುತ್ತಿಗೆದಾರ. ಕೊಟ್ಟದ್ದು 4,000 ಪೌಂಡ್. ಅದೇ ಚಿತ್ರ 1935ರಲ್ಲಿ 483 ಗಿನಿಗೆ ಇಳಿಯಿತು (ಒಂದು ಗಿನಿ ಎಂದರೆ ಒಂದು ಪೌಂಡ್ ಒಂದು ಶಿಲ್ಲಿಂಗ್). 1960ರಲ್ಲಿ 100 ಗಿನಿಗೂ ಕೊಳ್ಳುವವರಿಲ್ಲದೆ ನಿಂತಿತು. ಆಮೇಲೆ ಅದನ್ನು ಸಂಪಾದಿಸಿದವನು ಅಮೆರಿಕದ ಟಿ.ವಿ.ಯಲ್ಲಿ ಅಡಗಿಸಿಟ್ಟ ಕ್ಯಾಮೆರಾದಿಂದ ಜನರನ್ನು ಪೇಚಿಗೆ ಸಿಕ್ಕಿಸಿ ನಗಿಸುತ್ತಿದ್ದ ಆಲನ್ ಫಂಟ್. ಯಾರಿಗೂ ಬೇಡವಾದ ಈ ಚಿತ್ರಕಾರನ 35 ಚಿತ್ರ ಕೂಡಿಟ್ಟಿದ್ದ. ಅವನ ಲೆಕ್ಕಿಗನೇ ಹಣ ಲಪಟಾಯಿಸಿದ್ದರಿಂದ 1973ರಲ್ಲಿ ಎಲ್ಲವನ್ನೂ ಸದಬೀಸ್ ಎಂಬ ಇನ್ನೊಂದು ಹರಾಜು ಸಂಸ್ಥೆಯಲ್ಲಿ ಮಾರಬೇಕಾಯಿತು. ಗುಲಾಬಿಗಳಿಗೆ ಬಂದದ್ದು 28,000 ಪೌಂಡ್. 1993ರಲ್ಲಿ 15 ಲಕ್ಷ ಪೌಂಡ್. ಏರ್ಡ್‌ಗೇ 5,000 ಗಿನಿಗೆ ಬರೆದುಕೊಟ್ಟ 'ಮೋಸೆಸ್ ಸಿಕ್ಕಿದ್ದು' ಎಂಬ ಇನ್ನೊಂದು ಚಿತ್ರದ ಕಥೆ ಇನ್ನೂ ವಿಚಿತ್ರ. 1960ರಲ್ಲಿ 252 ಪೌಂಡಿಗೆ ಹೋಗದೆ ಉಳಿದದ್ದು 2010ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 3.59 ಕೋಟಿ ಡಾಲರಿಗೆ ಹೋಯಿತು. ಅಂದಾಜು ಹಾಕಿದ್ದು 30ರಿಂದ 50 ಲಕ್ಷ.

ಅಭಿರುಚಿ ಬದಲಾಯಿತು ಎಂದು ಪುಸ್ತಕಗಳು ವಿವರಿಸುತ್ತವೆ. ಹರಾಜು ನಡೆಸಿದವನಾಗಿ ನನ್ನ ಲೆಕ್ಕ ಬೇರೆ: ಇಡೀ ಊರಿಗೆ ಬೇಕಾಗಬೇಕಿಲ್ಲ, ಬಿಡಲಾರದ ಇಬ್ಬರಿದ್ದರೆ ಸಾಕು. ಒಬ್ಬನೇ ಇದ್ದರೆ ಮಾಲು ಅಗ್ಗಕ್ಕೆ ಹೋಗುತ್ತದೆ, ಅವನು ಎಷ್ಟೇ ಶ್ರೀಮಂತನಾಗಿರಲಿ.

ಲಂಡನ್ನಿನೊಳಗೆ ಇನ್ನೆರಡು ಜಾಗ ನೋಡಿದೆ. ಗಿಲ್ಡ್‌ಹಾಲ್ ಗ್ಯಾಲರಿಯಲ್ಲಿ ಆಲ್ಮಾ-ಟಾಡೆಮಾನ ಗ್ರೀಕ್ ಯೋಧರ ಕುಣಿತದ ಚಿತ್ರವಿದೆ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ನಿಜವಾದ ರೋಮನ್ ಬಯಲು ರಂಗದ ಅವಶೇಷ. ಅಕ್ಕಪಕ್ಕ ನೋಡಿದರೆ ಚಿತ್ರದ ಗ್ರೀಸೇ ಹೆಚ್ಚು ಹೊಳೆಯುತ್ತದೆ. ಹಾಲೆಂಡ್ ಪಾರ್ಕ್ ಬಳಿಯ ಲೇಟನ್ ಹೌಸ್, ಅದೇ ಕಾಲದ ಚಿತ್ರಕಾರ ಫ್ರೆಡರಿಕ್ ಲೇಟನ್ ವಾಸವಿದ್ದ ಮನೆ. ಡಮಾಸ್ಕಸ್ಸಿನಿಂದ ತರಿಸಿದ ನೀಲಿ ಹೆಂಚುಗಳ ಹಜಾರ, ನಡುವೆ ಕಾರಂಜಿ. 1896ರ ಜನವರಿಯಲ್ಲಿ ಅವನಿಗೆ ಲಾರ್ಡ್ ಪದವಿ ಬಂತು, ಮರುದಿನ ತೀರಿಕೊಂಡ. ಅದೇ ಜುಲೈನಲ್ಲಿ ಮನೆಯ ಚಿತ್ರ, ಪೀಠೋಪಕರಣಗಳೆಲ್ಲ ಕ್ರಿಸ್ಟೀಸ್ ಪಾಲಾದವು. ಈಗ ಕೋಣೆಗಳಲ್ಲಿ ಕಾಣುವುದರಲ್ಲಿ ಬಹಳಷ್ಟು ಆಮೇಲೆ ಹುಡುಕಿ ತಂದು ತುಂಬಿಸಿದ್ದು. ಅವನ 'ಫ್ಲೇಮಿಂಗ್ ಜೂನ್' ಚಿತ್ರ ನೋಡಬೇಕೆಂದರೆ ಪೋರ್ಟೊ ರಿಕೊಗೆ ಹೋಗಬೇಕು. 1963ರಲ್ಲಿ ಅಲ್ಲಿನ ಉದ್ಯಮಿ ಲೂಯಿಸ್ ಫೆರ್ರೆ 2,000 ಪೌಂಡಿಗೆ ಕೊಂಡೊಯ್ದರು. ಅದಕ್ಕೂ ಮುಂಚೆ ಹುಡುಗನಾಗಿದ್ದ ಸಂಗೀತಗಾರ ಆಂಡ್ರೂ ಲಾಯ್ಡ್ ವೆಬರ್ ಅದನ್ನು ಲಂಡನ್ನಿನ ಅಂಗಡಿಯೊಂದರಲ್ಲಿ 50 ಪೌಂಡಿಗೆ ಕಂಡು ಅಜ್ಜಿಯ ಹತ್ತಿರ ಸಾಲ ಕೇಳಿದ್ದರಂತೆ. ವಿಕ್ಟೋರಿಯನ್ ಕಸ ನನ್ನ ಮನೆಯೊಳಗೆ ಬರಕೂಡದು ಎಂದು ಅಜ್ಜಿ ಗದರಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಸುತ್ತಿದ್ದು ಎಗಮ್‌ಗೆ ಹೋಗುವ ಮುಂಚಿನ ಸಿದ್ಧತೆ ಅನ್ನಬಹುದು. ವಾಟರ್‌ಲೂ ಸ್ಟೇಷನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿನ ರಾಯಲ್ ಹಾಲೊವೇ ಕಾಲೇಜಿನಲ್ಲಿ ಅಕ್ಕನ ಮಗಳು ಓದುತ್ತಿದ್ದಾಳೆ. ಕಾಲೇಜಿನ ಚಿತ್ರಶಾಲೆ ಎಲ್ಲ ದಿನವೂ ತೆರೆದಿರುವುದಿಲ್ಲ. ಅವಳೇ ವಿಚಾರಿಸಿ ದಿನ ಗೊತ್ತು ಮಾಡಿದ್ದಳು. ಸ್ಟೇಷನ್ನಿನಿಂದ ಏರುದಾರಿ. ಏದುಸಿರು ಬಿಡುತ್ತಾ ತಲೆ ಎತ್ತಿದರೆ ಕೆಂಪು ಇಟ್ಟಿಗೆಯ ಕಟ್ಟಡ, ಗೋಪುರಗಳು, ಚಿಮಣಿಗಳು, ಫ್ರಾನ್ಸಿನ ಶಾಂಬೋರ್ ಅರಮನೆಯನ್ನು ನೋಡಿ ಕಟ್ಟಿಸಿದ್ದು.

ಕಟ್ಟಿಸಿದ ಥಾಮಸ್ ಹಾಲೊವೇ ಗುಳಿಗೆ ಮತ್ತು ಮುಲಾಮಿನ ವ್ಯಾಪಾರಿ. ಸಕಲ ರೋಗಕ್ಕೂ ತನ್ನ ಗುಳಿಗೆಯೇ ಮದ್ದು ಎಂದು ಪ್ರಪಂಚವೆಲ್ಲ ಜಾಹೀರಾತು ಹಾಕಿಸಿ ಕೋಟ್ಯಧೀಶನಾದವನು. ಹೆಂಡತಿ ಜೇನ್ ತೀರಿಕೊಂಡ ಮೇಲೆ ಅವಳ ನೆನಪಿಗೆ ಹೆಣ್ಣುಮಕ್ಕಳ ಕಾಲೇಜು ಕಟ್ಟಿಸಿದ. ಹುಡುಗಿಯರು ನೋಡಿ ಕಲಿಯಲೆಂದು 1881ರಿಂದ 1883ರೊಳಗೆ 77 ಚಿತ್ರ ಕೊಂಡ, ಹೆಚ್ಚಿನವು ಕ್ರಿಸ್ಟೀಸ್‌ನ ಹರಾಜಿನಲ್ಲಿ. ಬೆಲೆಯ ವಿಷಯದಲ್ಲಿ ಹಿಂದೆ ಮುಂದೆ ನೋಡಲಿಲ್ಲ. 1886ರಲ್ಲಿ ವಿಕ್ಟೋರಿಯಾ ರಾಣಿ ಬಂದು ಕಾಲೇಜು ತೆರೆಯುವಷ್ಟರಲ್ಲಿ ಅವನೇ ಇರಲಿಲ್ಲ.

"ಮಾಮ, ಮೊದಲು ಹಿಮಕರಡಿ ನೋಡಿಬಿಡಿ," ಎಂದು ಅಕ್ಕನ ಮಗಳು ಎಳೆದಳು. ಲ್ಯಾಂಡ್‌ಸಿಯರ್‌ನ ಚಿತ್ರ, ಉತ್ತರ ಧ್ರುವದಲ್ಲಿ ನಾಶವಾದ ಹಡಗಿನ ಅವಶೇಷವನ್ನು ಹರಿಯುತ್ತಿರುವ ಕರಡಿಗಳು. ಅದರ ಪಕ್ಕ ಕುಳಿತು ಪರೀಕ್ಷೆ ಬರೆದವರು ಫೇಲಾಗುತ್ತಾರೆಂದು ವಿದ್ಯಾರ್ಥಿಗಳ ನಂಬಿಕೆ. ಪರೀಕ್ಷೆಯ ಕಾಲದಲ್ಲಿ ಬ್ರಿಟಿಷ್ ಬಾವುಟ ಹೊದಿಸಿ ಅದನ್ನು ಮುಚ್ಚಿಡುತ್ತಾರೆ.

ನನಗೆ ಬೇಕಾದದ್ದು ಎಡ್ವಿನ್ ಲಾಂಗ್ 1875ರಲ್ಲಿ ಬರೆದ 'ಬ್ಯಾಬಿಲೋನಿನ ಮದುವೆ ಸಂತೆ'. ಸುಮಾರು ಮೂರು ಮೀಟರ್ ಅಗಲ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ ಕಥೆ: ವರ್ಷಕ್ಕೊಮ್ಮೆ ಊರಿನ ಮದುವೆ ವಯಸ್ಸಿನ ಹೆಣ್ಣುಗಳನ್ನೆಲ್ಲ ಒಂದೆಡೆ ಸೇರಿಸಿ ಹರಾಜು ಹಾಕುತ್ತಿದ್ದರಂತೆ. ಅತಿ ಚೆಲುವೆಗೆ ಮೊದಲ ಸವಾಲು. ಹಾಗೆ ಬಂದ ಹಣವನ್ನು ಕೂಡಿಸಿ, ಚೆಲುವಿಲ್ಲದ ಹುಡುಗಿಯರನ್ನು ವರಿಸುವವರಿಗೆ ವರದಕ್ಷಿಣೆಯಾಗಿ ಕೊಡುತ್ತಿದ್ದರು. ಯಾರು ಕಡಿಮೆ ಕೇಳುತ್ತಾನೋ ಅವನಿಗೆ. ಮದುವೆಯಾಗುತ್ತೇನೆಂದು ಜಾಮೀನು ಕೊಡದೆ ಹೆಣ್ಣನ್ನು ಕರೆದೊಯ್ಯುವಂತಿಲ್ಲ. ಹೊಂದಾಣಿಕೆಯಾಗದಿದ್ದರೆ ಹಣ ವಾಪಸ್. ಜಾಮೀನು, ಮರುಪಾವತಿ ಎಲ್ಲ ಇದೆ. ಹುಡುಗಿಯ ಒಪ್ಪಿಗೆಯ ಕಲಮೊಂದೇ ಇಲ್ಲ. ಹೆರೊಡೋಟಸ್ ಇದನ್ನು ಅವರ ಪದ್ಧತಿಗಳಲ್ಲೆಲ್ಲ ಜಾಣತನದ್ದೆಂದು ಹೊಗಳಿ, ಈಗ ನಿಂತುಹೋಗಿದೆ ಎಂದೂ ಸೇರಿಸುತ್ತಾನೆ.

ಲಾಂಗ್ ಜಾಣ. ಹರಾಜು ಕಟ್ಟೆಯ ಮೇಲೆ ನಿಂತ ಚೆಲುವೆಯ ಬೆನ್ನು ಮಾತ್ರ ನಮಗೆ ಕಾಣುವುದು. ಅವಳ ಮುಖ ನೋಡುತ್ತಿರುವುದು ಆಚೆಗೆ ಕಿಕ್ಕಿರಿದ ಗಂಡಸರು, ಅವಳ ಬೆಲೆಯನ್ನು ನಾವು ಓದಬೇಕಾದದ್ದು ಅವರ ಕಣ್ಣಿನಲ್ಲಿ. ಮುಂದೆ, ನಮ್ಮ ಕಾಲಬುಡದಲ್ಲೇ ಎಂಬಂತೆ, ಸರದಿಗೆ ಕಾದು ಕುಳಿತ ಹುಡುಗಿಯರ ಸಾಲು. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಅಲಂಕಾರದ ವಿವರಗಳನ್ನು ಅಸಿರಿಯಾದ ಪ್ರಾಚೀನ ವಸ್ತುಗಳನ್ನು ನೋಡಿ ನಕಲು ಮಾಡಿದ್ದಾನೆ. ಹುಡುಗಿಯರ ಮುಖ ಮಾತ್ರ ಅವನ ಕಾಲದ್ದು. ಚಿತ್ರ ಮೊದಲು ಪ್ರದರ್ಶನಗೊಂಡಾಗ, ಮಾನವಶಾಸ್ತ್ರ ಸಂಘದವರು ಕೊಳ್ಳಲು ತಕ್ಕದ್ದು ಎಂದು ವಿಮರ್ಶಕ ರಸ್ಕಿನ್ ಚುಚ್ಚಿದ್ದ. ಲಂಡನ್ನಿನ ಮದುವೆ ಸಂತೆಯೂ ಬೇರೆಯಲ್ಲ ಎಂಬುದು ಅವನ ಇಂಗಿತ.

1882ರಲ್ಲಿ ಹಿಂದಿನ ಒಡೆಯ, ಲ್ಯಾಂಕಷೈರಿನ ಹತ್ತಿ ಗಿರಣಿಯ ಧಣಿ ಎಡ್ವರ್ಡ್ ಹರ್ಮನ್‌ನ ಸಂಗ್ರಹ ಕಿಂಗ್ ಸ್ಟ್ರೀಟಿಗೆ ಬಂದಾಗ ಹಾಲೊವೇ ಇದಕ್ಕೆ 6,615 ಪೌಂಡ್ ಕೊಟ್ಟ, ಎಂದರೆ 6,300 ಗಿನಿ. ಬದುಕಿರುವ ಚಿತ್ರಕಾರನ ಚಿತ್ರಕ್ಕೆ ಆಗ ಅದು ದಾಖಲೆ. ಹೆಣ್ಣುಗಳ ಹರಾಜಿನ ಚಿತ್ರ ಹರಾಜಿನಲ್ಲೇ ದಾಖಲೆ ಮಾಡಿ, ಹೆಣ್ಣುಮಕ್ಕಳ ಕಾಲೇಜಿನ ಗೋಡೆ ಏರಿತು. 1965ರಲ್ಲಿ ಹುಡುಗರೂ ಪದವಿ ತರಗತಿಗೆ ಬರುವವರೆಗೆ ತಲೆಮಾರುಗಳ ಹುಡುಗಿಯರು ಇದರ ಎದುರು ಓಡಾಡಿದ್ದಾರೆ. ಹಾಲೊವೇಗೆ ಇದು ಹೊಳೆಯಲಿಲ್ಲವೇ, ಅಥವಾ ಹೊಳೆದೇ ತೂಗುಹಾಕಿಸಿದನೇ? ಹೊಳೆಯಲಿಲ್ಲ ಅಂತಲೇ ನನ್ನ ಗುಮಾನಿ. ಬೆಲೆ ದೊಡ್ಡದಾದರೆ ಚಿತ್ರ ಒಳ್ಳೆಯದು ಎಂದು ನಂಬಿದ ವ್ಯಾಪಾರಿ ಅವನು.

"ಇವಳಿಗೇನೂ ಅನ್ನಿಸುತ್ತಿಲ್ಲ ನೋಡಿ ಮಾಮ," ಎಂದಳು ಅಕ್ಕನ ಮಗಳು, ಕನ್ನಡಿಯವಳನ್ನು ತೋರಿಸಿ. "ವಧೂವರರ ಆ್ಯಪ್‌ಗೆ ಅಮ್ಮ ನನ್ನ ಫೋಟೋ ಹಾಕುವಾಗ ನಾನೂ ಹೀಗೇ ಕೂತಿದ್ದೆ."

ನಾನು ಮಾತು ತಿರುಗಿಸಿ ಹಣದ ವಿಷಯಕ್ಕೆ ಬಂದೆ. 1990ರ ದಶಕದಲ್ಲಿ ಕಟ್ಟಡದ ಖರ್ಚಿಗೆಂದು ಕಾಲೇಜು ಈ ಸಂಗ್ರಹದಿಂದ ಟರ್ನರ್, ಗೇನ್ಸ್‌ಬರೋ, ಕಾನ್‌ಸ್ಟೇಬಲ್ ಅವರ ಒಂದೊಂದು ಚಿತ್ರ ಮಾರಿತು. ದೊಡ್ಡ ರಾದ್ಧಾಂತವೇ ಆಯಿತು. ಟರ್ನರ್ 1993ರಲ್ಲಿ 1.1 ಕೋಟಿ ಪೌಂಡಿಗೆ ಅಮೆರಿಕದ ಗೆಟ್ಟಿ ಮ್ಯೂಸಿಯಮ್ಮಿಗೆ ಹೋಯಿತು. ಲಾಂಗ್ ಉಳಿದುಕೊಂಡ. ಆಲ್ಮಾ-ಟಾಡೆಮಾನ ಗುಲಾಬಿಗಳೇ 15 ಲಕ್ಷಕ್ಕೆ ಹೋದ ವರ್ಷ ಅದು. ಛಾವಣಿ ರಿಪೇರಿಗೆ ಲಾಂಗ್‌ನಿಂದ ಏನು ಬಂದೀತು? ಹದಿನೇಳು ವರ್ಷದ ನಂತರ ಮೋಸೆಸ್‌ಗೆ ಬಂದ ಡಾಲರನ್ನು ಪೌಂಡಿಗೆ ತಿರುಗಿಸಿದರೆ ಆ ಟರ್ನರ್‌ನ ಎರಡರಷ್ಟು. ಈಗ ಈ ಲಾಂಗ್‌ಗೆ ಎಷ್ಟಾಗಬಹುದು ಎಂದು ಬಾಗಿಲಲ್ಲಿದ್ದ ಮಹಿಳೆಯನ್ನು ಕೇಳಿದೆ. ವಿಮೆಯವರನ್ನು ಕೇಳಿ ಎಂದು ನಕ್ಕು, ಮುಚ್ಚುವ ಹೊತ್ತಾಯಿತು ಎಂದರು.