ತುದಿ ಮುಟ್ಟಿ ಇಳಿಯುವ ಬಾವುಟ

2024ರ ಡಿಸೆಂಬರ್ ತಿಂಗಳಿನಲ್ಲಿ ಕರ್ನಾಟಕದ ಸರ್ಕಾರಿ ಕಟ್ಟಡಗಳ ಮೇಲಿನ ರಾಷ್ಟ್ರಧ್ವಜ ಎರಡು ಬಾರಿ ಅರ್ಧಕ್ಕೆ ಇಳಿಯಿತು. ತಿಂಗಳ 10ರಂದು ಮಾಜಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ತೀರಿಕೊಂಡಾಗ ರಾಜ್ಯ ಸರ್ಕಾರ ಮೂರು ದಿನಗಳ ಶೋಕಾಚರಣೆಯನ್ನು ಘೋಷಿಸಿತ್ತು. 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ಅವರು ನಿಧನರಾದ ಮೇಲೆ ಆರಂಭವಾದ ಏಳು ದಿನಗಳ ರಾಷ್ಟ್ರೀಯ ಶೋಕ ಹೊಸ ವರ್ಷದ ಮೊದಲ ದಿನದವರೆಗೂ ನಡೆಯಿತು. ಬೆಳಗಿನ ನಡಿಗೆಯಲ್ಲಿ ನಾನು ದಿನವೂ ಒಂದು ಸರ್ಕಾರಿ ಕಚೇರಿಯ ಮುಂದೆ ಹಾಯ್ದು ಹೋಗುತ್ತೇನೆ. ಅದು ಯಾವ ಊರಿನ ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಅಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಬಾವುಟವನ್ನು ಕೆಳಗಿನಿಂದ ನೇರವಾಗಿ ಕಂಬದ ನಡುಮಟ್ಟಕ್ಕೆ ಎಳೆದು, ಹಗ್ಗವನ್ನು ಬಿಗಿದು ಒಳಗೆ ಹೋಗುವುದನ್ನು ಮೂರು ದಿನ ನೋಡಿದೆ. ಆತನ ಮುಖದಲ್ಲಿ ಅಗೌರವವೇನೂ ಇರಲಿಲ್ಲ. ಹೇಳಿಕೊಟ್ಟವರು ಇರಲಿಲ್ಲ, ಅಷ್ಟೇ.

ನನಗೆ ಹೇಳಿಕೊಟ್ಟವರು ಒಬ್ಬ ದಫೇದಾರರು. 1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ ನಾನು ಧಾರವಾಡ ಸೀಮೆಯ ಕಚೇರಿಯೊಂದರಲ್ಲಿ ಹೊಸ ಗುಮಾಸ್ತ. ಮರುದಿನ ಧ್ವಜವನ್ನು ಅರ್ಧಕ್ಕೆ ಇಳಿಸಬೇಕೆಂಬ ಸೂಚನೆ ಬಂದಾಗ, ವಯಸ್ಸಿನ ಹುಮ್ಮಸ್ಸಿನಲ್ಲಿ ನಾನೇ ಹಗ್ಗ ಹಿಡಿದು ಬಾವುಟವನ್ನು ಅರ್ಧದವರೆಗೆ ಎಳೆದು ನಿಲ್ಲಿಸಿದೆ. ನಿವೃತ್ತಿಯ ಅಂಚಿನಲ್ಲಿದ್ದ ದಫೇದಾರರು ಹತ್ತಿರ ಬಂದು, "ತುದಿ ಮುಟ್ಟಿಸದ ನಿಲ್ಲಿಸಬಾರದ್ರೀ ಸರ. ಮೊದಲ ಮ್ಯಾಲ ಹೋಗಲಿ, ಆಮ್ಯಾಲ ಇಳೀಲಿ" ಎಂದರು. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ. ಆದರೆ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾವುಟವನ್ನು ಸರಸರನೆ ರಾಟೆಯವರೆಗೆ ಏರಿಸಿ, ಒಂದು ಗಳಿಗೆ ಅಲ್ಲಿ ನಿಲ್ಲಿಸಿ, ಮತ್ತೆ ಬಹಳ ನಿಧಾನವಾಗಿ ಇಳಿಸಿದ ಅವರ ಕ್ರಮ ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲವೆಂಬುದು, ಎಷ್ಟೋ ವರ್ಷಗಳ ಮೇಲೆ 2002ರ ಭಾರತೀಯ ಧ್ವಜಸಂಹಿತೆಯನ್ನು ಓದಿದಾಗ ನನಗೆ ತಿಳಿಯಿತು.

ಸಂಹಿತೆಯ ಪ್ರಕಾರ ಧ್ವಜವನ್ನು ಅರ್ಧಮಟ್ಟದಲ್ಲಿ ಹಾರಿಸಬೇಕಾದಾಗ ಮೊದಲು ಅದನ್ನು ಪೂರ್ಣವಾಗಿ ತುದಿಗೆ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಬೇಕು. ಸಂಜೆ ಕೆಳಗಿಳಿಸುವ ಮುನ್ನ ಮತ್ತೊಮ್ಮೆ ತುದಿಗೆ ಏರಿಸಬೇಕು. ಹೀಗಾಗಿ ಶೋಕದ ದಿನ ಬಾವುಟ ಉಳಿದ ದಿನಗಳಿಗಿಂತ ಕಡಿಮೆ ಏರುವುದಿಲ್ಲ. ಎರಡು ಬಾರಿ ಏರುತ್ತದೆ. ಅರ್ಧ ಎಂದರೆ ಎಷ್ಟು ಎಂಬುದಕ್ಕೂ ಅಲ್ಲಿ ಉತ್ತರವಿದೆ: ಕಂಬಕ್ಕೆ ಆಧಾರವಾಗಿ ಹಗ್ಗ ಬಿಗಿದಿದ್ದರೆ, ಆ ಹಗ್ಗ ಕಟ್ಟಿದ ಜಾಗಕ್ಕೂ ತುದಿಗೂ ನಡುವಿನ ಅಂತರದ ಅರ್ಧ, ಹಗ್ಗವಿಲ್ಲದಿದ್ದರೆ ಕಂಬದ ಅರ್ಧ. ಪಕ್ಕದಲ್ಲಿ ಬೇರೆ ಬಾವುಟಗಳಿದ್ದರೆ ಅವು ತಮ್ಮ ಎತ್ತರದಲ್ಲಿಯೇ ಇರುತ್ತವೆ, ರಾಷ್ಟ್ರಧ್ವಜ ಮಾತ್ರ ಇಳಿಯುತ್ತದೆ. ರಾಷ್ಟ್ರಧ್ವಜಕ್ಕಿಂತ ಮೇಲೆ ಬೇರೊಂದು ಬಾವುಟ ಕಾಣುತ್ತಿದೆ ಎಂದು ಆ ದಿನಗಳಲ್ಲಿ ಯಾರಾದರೂ ಸಿಟ್ಟಿಗೆದ್ದು ಫೋಟೊ ಹಂಚುವುದುಂಟು. ಅವರ ಅಭಿಮಾನ ದೊಡ್ಡದು, ಆದರೆ ಆ ಒಂದು ದಿನದ ಮಟ್ಟಿಗೆ ತಪ್ಪು ಅವರದೇ.

ಈ ಪದ್ಧತಿ ನಮ್ಮದಲ್ಲ, ಸಮುದ್ರದಿಂದ ಬಂದದ್ದು. 1612ರಲ್ಲಿ ಗ್ರೀನ್‌ಲ್ಯಾಂಡಿನ ತೀರದಲ್ಲಿ ಜೇಮ್ಸ್ ಹಾಲ್ ಎಂಬ ಆಂಗ್ಲ ನಾವಿಕ ಕೊಲ್ಲಲ್ಪಟ್ಟಾಗ, ಹಾರ್ಟ್ಸ್ ಈಸ್ ಎಂಬ ಹಡಗು ಸಾವಿನ ಸೂಚನೆಯಾಗಿ ತನ್ನ ಬಾವುಟವನ್ನು ತಗ್ಗಿಸಿಕೊಂಡು ಜೊತೆಯ ಹಡಗನ್ನು ಸೇರಿತೆಂಬುದು ಈ ಬಗ್ಗೆ ಸಾಮಾನ್ಯವಾಗಿ ಉಲ್ಲೇಖಿಸುವ ಹಳೆಯ ದಾಖಲೆ. ತಗ್ಗಿದ ಬಾವುಟದ ಮೇಲಿನ ಖಾಲಿ ಜಾಗ ಸಾವಿನ ಕಾಣದ ಬಾವುಟಕ್ಕೆ ಬಿಟ್ಟ ಸ್ಥಳ ಎಂಬ ವಿವರಣೆಯನ್ನೂ ಕೆಲವರು ಕೊಡುತ್ತಾರೆ. ಇದು ಆಮೇಲೆ ಹುಟ್ಟಿಕೊಂಡ ಕಥೆಯೆಂದೇ ನನ್ನ ಗುಮಾನಿ. ಆದರೂ ತುದಿಯವರೆಗೆ ಹೋಗಿ ಬಂದ ಬಾವುಟದ ಮೇಲಿನ ಜಾಗ ಮಾತ್ರ ಬಿಟ್ಟುಕೊಟ್ಟ ಜಾಗದಂತೆ ಕಾಣುತ್ತದೆ. ನೇರವಾಗಿ ಅರ್ಧಕ್ಕೆ ಕಟ್ಟಿದ ಬಾವುಟ ಹಗ್ಗ ಸಿಕ್ಕಿಕೊಂಡು ನಿಂತದ್ದೋ ಏನೋ ಎನಿಸುತ್ತದೆ.

ಯಾರಿಗಾಗಿ ಇಳಿಸಬೇಕು ಎಂಬ ಪಟ್ಟಿ ಪೂರ್ತಿಯಾಗಿ ಹುದ್ದೆಯ ಲೆಕ್ಕ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದಾದ್ಯಂತ; ಲೋಕಸಭೆಯ ಸ್ಪೀಕರ್ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿಯಾದರೆ ದೆಹಲಿಯಲ್ಲಿ; ಕೇಂದ್ರದ ಸಂಪುಟ ದರ್ಜೆಯ ಸಚಿವರಾದರೆ ದೆಹಲಿ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ; ರಾಜ್ಯಪಾಲ ಮತ್ತು ಮುಖ್ಯಮಂತ್ರಿಯಾದರೆ ಆ ರಾಜ್ಯದಾದ್ಯಂತ. ಪಟ್ಟಿಯಲ್ಲಿಲ್ಲದ ಗಣ್ಯರಿಗೆ ಆಯಾ ಸಂದರ್ಭದಲ್ಲಿ ಪ್ರತ್ಯೇಕ ಆದೇಶ ಹೊರಡುತ್ತದೆ. 2022ರ ಒಂದೇ ವರ್ಷದಲ್ಲಿ ಫೆಬ್ರವರಿಯಲ್ಲಿ ಲತಾ ಮಂಗೇಶ್ಕರ್ ಅವರಿಗಾಗಿ ಎರಡು ದಿನ, ಜುಲೈನಲ್ಲಿ ಜಪಾನಿನ ಶಿಂಜೊ ಅಬೆಯವರಿಗಾಗಿ ಒಂದು ದಿನ, ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಅವರಿಗಾಗಿ ಒಂದು ದಿನ ನಮ್ಮ ಧ್ವಜ ಇಳಿದಿತ್ತು.

ಈ ಪಟ್ಟಿಯಲ್ಲಿ ಸೈನಿಕನಿಲ್ಲ. ಗಡಿಯಲ್ಲಿ ಮಡಿದವನಿಗಾಗಿ ಧ್ವಜ ಅರ್ಧಕ್ಕೆ ಇಳಿಯಬೇಕೆಂದು ಸಂಹಿತೆಯಲ್ಲಿ ಎಲ್ಲಿಯೂ ಬರೆದಿಲ್ಲ. ಬ್ರಿಟನ್ನಿನ ರಾಣಿಗೆ ಸಂದದ್ದು ನಮ್ಮ ಹುಡುಗರಿಗೆ ಸಲ್ಲುವುದಿಲ್ಲವೇ ಎಂಬ ಅಸಮಾಧಾನ ನನ್ನಲ್ಲಿ ಬಹಳ ಕಾಲ ಇತ್ತು. ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ, ಯುದ್ಧಗಳಲ್ಲಿ ಮಡಿದವರ ಸ್ಮರಣೆಯ ದಿನ, ಧ್ವಜವನ್ನು ಮಧ್ಯಾಹ್ನದವರೆಗೆ ಅರ್ಧಮಟ್ಟದಲ್ಲಿಟ್ಟು, ಆಮೇಲೆ ತುದಿಗೇರಿಸಿ ಸೂರ್ಯಾಸ್ತದವರೆಗೆ ಹಾರಿಸುತ್ತಾರೆ. ಇಂಥದೊಂದು ದಿನ ನಮಗೇಕಿಲ್ಲ ಎಂದು ಗೆಳೆಯರೊಡನೆ ವಾದ ಮಾಡಿದ್ದೂ ಉಂಟು.

ಆ ಅಸಮಾಧಾನ ಸಡಿಲವಾದದ್ದು 2016ರ ಫೆಬ್ರವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ ಹಿಮ ಕುಸಿದು, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. ಐದು ದಿನಗಳ ಮೇಲೆ ಹಿಮವನ್ನು ಅಗೆದು ತೆಗೆದಾಗ ಅವರಲ್ಲಿ ಒಬ್ಬರು ಮಾತ್ರ ಉಸಿರಾಡುತ್ತಿದ್ದರು: ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದ ಮೇಲೆ ನಮ್ಮ ಸೀಮೆಯ ಗುಡಿ, ಮಠ, ಮಸೀದಿಗಳಲ್ಲಿ ಜನ ಹರಕೆ ಹೊತ್ತರು. 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಸೇರಿದ ಜನಸಾಗರದ ಹಿಂದಿನ ಸಾಲುಗಳಲ್ಲಿ ನಾನೂ ನಿಂತಿದ್ದೆ. ಅಷ್ಟು ದೂರದಿಂದ ನನಗೆ ಕಂಡದ್ದು ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟ ಮಾತ್ರ. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬರು, "ಅಷ್ಟ ಥಂಡಿಯಾಗಿದ್ದ ಕೂಸಿಗೆ ಈಗರ ಒಂದ ಹೊದಿಕಿ ಸಿಕ್ತು ನೋಡ್ರಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಂಬದ ಮೇಲೆ ಬಾವುಟ ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕುತ್ತಿದ್ದ ನನಗೆ, ಮಣ್ಣಿನ ಮಟ್ಟದವರೆಗೆ ಇಳಿದು ಬಂದ ಬಾವುಟ ಕಾಣದೆ ಹೋಗಿತ್ತು.

ಸೈನಿಕನ ಅಂತ್ಯಕ್ರಿಯೆಯಲ್ಲಿ ಧ್ವಜವನ್ನು ಹೊದಿಸುವುದಕ್ಕೂ ಕ್ರಮವಿದೆ. ಕೇಸರಿ ಪಟ್ಟಿ ತಲೆಯ ಕಡೆಗೆ ಬರಬೇಕು. ಧ್ವಜವನ್ನು ಗುಂಡಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಶರೀರ ಮಣ್ಣಿಗೋ ಬೆಂಕಿಗೋ ಸೇರುವ ಮುನ್ನ ಅದನ್ನು ತೆಗೆದು ಮಡಿಸಬೇಕು. ಹೀಗೆ ಹೊದಿಸುವ ಬಾವುಟ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಹೊಲಿಯುವ ಬಾವುಟಗಳಲ್ಲಿ ಈ ಅಳತೆಯದೂ ಒಂದು. 1957ರಲ್ಲಿ ಸ್ಥಾಪನೆಯಾದ ಈ ಸಂಘದ ಬಾವುಟಗಳು ಭಾರತೀಯ ಮಾನಕ ಬ್ಯೂರೊದ ಮುದ್ರೆ ಪಡೆದು ದೇಶದ ಮೂಲೆಮೂಲೆಗೆ ಹೋಗುತ್ತವೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಧಾರವಾಡದ ಹತ್ತಿರದ ಗರಗ ಗ್ರಾಮಕ್ಕೂ ಬಾವುಟದ ಖಾದಿ ನೇಯ್ದ ಹೆಸರಿದೆ. ಬೆಂಗೇರಿಯಿಂದ ಬೆಟದೂರು ದೂರವೇನಲ್ಲ. ಒಂದೇ ಅಳತೆಯ ಬಾವುಟ ಸಣ್ಣ ಸರ್ಕಾರಿ ಕಟ್ಟಡದ ಮೇಲೂ ಹಾರುತ್ತದೆ, ಯೋಧನ ಪೆಟ್ಟಿಗೆಗೂ ಹೊದಿಕೆಯಾಗುತ್ತದೆ. ಹೊಲಿಗೆ ಹಾಕುವಾಗ ಅದು ಯಾವುದಕ್ಕೆ ಹೋಗುತ್ತದೆಂದು ಹೊಲಿಯುವವರಿಗೆ ತಿಳಿದಿರುವುದಿಲ್ಲ.

ಇನ್ನೊಂದು ನಿಯಮವನ್ನು ನಾನು ಮೊದಲು ಓದಿದಾಗ ಅಚ್ಚಿನ ತಪ್ಪೆಂದೇ ತಿಳಿದಿದ್ದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯ ಸ್ಥಾಪನೆಯ ದಿನ, ಅಂದರೆ ನಮ್ಮಲ್ಲಿ ನವೆಂಬರ್ 1, ಇವುಗಳಂದು ಗಣ್ಯರು ತೀರಿಕೊಂಡರೂ ಧ್ವಜವನ್ನು ಇಳಿಸುವಂತಿಲ್ಲ. ಪಾರ್ಥಿವ ಶರೀರವಿರುವ ಕಟ್ಟಡದ ಮೇಲೆ ಮಾತ್ರ ಇಳಿಸಬಹುದು. ಶರೀರ ಹೊರಟ ಕೂಡಲೇ ಅಲ್ಲಿಯೂ ತುದಿಗೆ ಏರಿಸಬೇಕು. ಸಂಭ್ರಮದ ದಿನಗಳಿಗೆ ಈ ರಿಯಾಯಿತಿ ಅರ್ಥವಾಗುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಏಪ್ರಿಲ್ 6ರಿಂದ 13ರವರೆಗಿನ ರಾಷ್ಟ್ರೀಯ ಸಪ್ತಾಹವೂ ಇದೆ. ಅದು ರೌಲತ್ ಕಾಯ್ದೆಯ ವಿರುದ್ಧದ ಹರತಾಳದಿಂದ ಆರಂಭವಾಗಿ 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದಲ್ಲಿ ಕೊನೆಗೊಂಡ ವಾರ. ಗುಂಡಿಗೆ ಬಲಿಯಾದವರನ್ನು ನೆನೆಯುವ ವಾರ. ಅಂಥ ವಾರದಲ್ಲಿ ಇಡೀ ವರ್ಷ ಇಳಿಸದಿದ್ದರೂ ಇಳಿಸಬೇಕಾಗಿತ್ತಲ್ಲವೇ ಎಂದು ನನಗೆ ಅನ್ನಿಸಿತ್ತು. ಈಗ ಬೇರೆ ರೀತಿ ಅನ್ನಿಸುತ್ತದೆ. ಪ್ರಧಾನಿಯಾಗಲಿ ಮುಖ್ಯಮಂತ್ರಿಯಾಗಲಿ ತೀರಿಕೊಂಡಾಗ ಬಾವುಟ ಅವರಿಗಾಗಿ ತಗ್ಗುತ್ತದೆ. ಜಲಿಯನ್‌ವಾಲಾ ಬಾಗಿನಲ್ಲಿ ಬಿದ್ದವರ ಕಾಲಕ್ಕೆ ಹಾರಿಸಲು ನಮ್ಮದೆನ್ನುವ ಬಾವುಟವೇ ಇರಲಿಲ್ಲ. ಅವರನ್ನು ನೆನೆಯುವ ವಾರ ಅದು ತುದಿಯಲ್ಲಿಯೇ ಇರಲಿ ಎಂದು ನಿಯಮ ಬರೆದವರು ಬಯಸಿದ್ದರೆ ಅದರಲ್ಲಿ ನನಗೆ ತಕರಾರಿಲ್ಲ. ಹುತಾತ್ಮರ ದಿನವಾದ ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುವ ಪದ್ಧತಿಯಿದೆ. ಅದನ್ನು ಎಷ್ಟು ಕಚೇರಿಗಳಲ್ಲಿ ನಿಜವಾಗಿ ಪಾಲಿಸುತ್ತಾರೆ ಎಂಬುದು ಬೇರೆಯೇ ಮಾತು.

2022ರ ಜುಲೈನಲ್ಲಿ ಸಂಹಿತೆಗೆ ತಿದ್ದುಪಡಿಯಾಗಿ, ಮನೆಗಳ ಮೇಲೆ ಧ್ವಜವನ್ನು ಹಗಲೂ ರಾತ್ರಿ ಹಾರಿಸಲು ಅವಕಾಶವಾಯಿತು. ಅದಕ್ಕೂ ಮುಂಚೆ, 2021ರ ಡಿಸೆಂಬರ್ ಕೊನೆಯಲ್ಲಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಗಳಿಗೂ ಒಪ್ಪಿಗೆ ಸಿಕ್ಕಿತ್ತು. ಬಾವುಟ ಮನೆಮನೆಗೆ ಬಂದದ್ದು ಸಂತೋಷವೇ. ಬೆಂಗೇರಿಯ ಹೆಣ್ಣುಮಕ್ಕಳ ಕೆಲಸಕ್ಕೆ ಇದರಿಂದ ಪೆಟ್ಟು ಬಿದ್ದರೆ ಎಂಬ ಚಿಂತೆ ನನ್ನಂಥವರಿಗೆ ಇದ್ದೇ ಇದೆ. ನಮ್ಮ ಬೀದಿಯಲ್ಲಿ ಮಾಳಿಗೆಯ ಪೈಪಿಗೆ ತಂತಿಯಲ್ಲಿ ಬಿಗಿದ ಬಾವುಟಗಳು ಹಲವಿವೆ. ಅವು ಯಾರಿಗಾಗಿಯೂ ಇಳಿಯಲಾರವು, ಏಕೆಂದರೆ ಅವಕ್ಕೆ ಹಗ್ಗವೂ ಇಲ್ಲ, ರಾಟೆಯೂ ಇಲ್ಲ.

2025ರ ಜನವರಿ 1ರ ಸಂಜೆ, ಶೋಕಾಚರಣೆಯ ಕೊನೆಯ ದಿನ, ಸಂಕೋಚವನ್ನು ಬದಿಗಿಟ್ಟು ಆ ಕಚೇರಿಯ ಆವರಣದೊಳಗೆ ಹೋದೆ. ಹುಡುಗ ಆಗಷ್ಟೇ ಹಗ್ಗದ ಗಂಟು ಬಿಚ್ಚುತ್ತಿದ್ದ. ನಾನು ಯಾರು, ಏಕೆ ಬಂದೆ ಎಂಬುದನ್ನು ಹೇಳಿ, ಇಳಿಸುವ ಮುನ್ನ ಒಮ್ಮೆ ಮೇಲಕ್ಕೆ ಏರಿಸಬೇಕಪ್ಪ ಎಂದೆ. "ಇಳಸೂದಕ್ಕ ಮತ್ತ್ಯಾಕ ಏರಸಬೇಕ್ರೀ ಅಜ್ಜಾರ?" ಎಂದು ಆತ ನಿಜವಾದ ಕುತೂಹಲದಿಂದ ಕೇಳಿದ. ಹಾರ್ಟ್ಸ್ ಈಸ್ ಹಡಗಿನ ಕಥೆಯಿಂದ ಆರಂಭಿಸಲು ಅದು ಸಮಯವಾಗಿರಲಿಲ್ಲ, ಬೆಳಕು ಹೋಗುತ್ತಿತ್ತು. ಏರಿಸಿ ನೋಡು ಎಂದೆ. ಎಣ್ಣೆ ಕಾಣದ ರಾಟೆ ಕಿರುಗುಟ್ಟಿತು, ಬಾವುಟ ತುದಿ ಮುಟ್ಟಿತು. ಆತ ನನ್ನ ಕಡೆಗೆ ನೋಡಿದ. ನಾನು ತಲೆಯಾಡಿಸಿದ ಮೇಲೆ, ಹಗ್ಗವನ್ನು ಒಂದೊಂದೇ ಗೇಣು ಬಿಡುತ್ತ ಇಳಿಸತೊಡಗಿದ.