ವೆಬಿನಾರ್ ಕೋಟು: ಎದೆ ಮೇಲೆ ಅಲೆಗಳು

ವೆಬಿನಾರಿಗೆಂದು ಹೊಲಿದ ಕೋಟಿನ ಫಿಟ್ಟಿಂಗ್ ವಿಷಯ ಬಿಡಿ, ಅದು ಮುಗಿಯಿತು. ಭುಜ ಸರಿಯಿದೆ, ಕೂತಾಗಲೂ ಕಾಲರ್ ಕುತ್ತಿಗೆ ಬಿಟ್ಟು ಏಳುವುದಿಲ್ಲ. ಕಾಡಿದ್ದು ಬಟ್ಟೆ. ಬೂದು ಬಣ್ಣದ ಬರ್ಡ್ಸ್‌ಐ ವರ್ಸ್ಟೆಡ್, ಅಂದರೆ ಸಣ್ಣ ಸಣ್ಣ ಚುಕ್ಕಿ ನೇಯ್ದ ನುಣುಪಾದ ಉಣ್ಣೆ ಬಟ್ಟೆ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದು. ವೆಬಿನಾರಿನಲ್ಲಿ ಮಾತ್ರ ಎದೆ ತುಂಬ ಹಸಿರು, ನೇರಳೆ ಅಲೆಗಳು. ಉಸಿರೆಳೆದರೆ ಲ್ಯಾಪೆಲ್‌ನಿಂದ ಜೇಬಿನವರೆಗೆ ಹರಿದಾಡುತ್ತವೆ. ನಾನು ಗಂಭೀರವಾಗಿ ಜಿಎಸ್‌ಟಿ ವಿವರಿಸುತ್ತಿದ್ದರೆ, "ಸರ್, ನಿಮ್ಮ ಕೋಟು ಇನ್ನೂ ಲೋಡ್ ಆಗ್ತಿದೆಯಾ?" ಎಂದು ಚಾಟ್‌ನಲ್ಲಿ ಒಬ್ಬರು ಕೇಳಿದರು.

ಮೊಯ್ರೆ, ಮತ್ತಿನ್ನೇನು. ಬಟ್ಟೆಯ ಸಣ್ಣ ವಿನ್ಯಾಸಕ್ಕೂ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದಾಗ ಕಾಣುವ ಹುಸಿ ಅಲೆ. ಆದರೆ ಮನೆಯಲ್ಲಿ ರೆಕಾರ್ಡ್ ಮಾಡಿ ನೋಡಿದಾಗ ಇರಲಿಲ್ಲವಲ್ಲ! ಲೆಕ್ಕ ಹಾಕಿದೆ. ಕ್ಯಾಮೆರಾ ಚೌಕಟ್ಟಿನೊಳಗೆ ಕಾಣುವ ಅಗಲ ಸುಮಾರು 80 ಸೆಂಟಿಮೀಟರ್. ಮನೆಯ ರೆಕಾರ್ಡಿಂಗ್ 1080ಪಿ, ಎಂದರೆ ಅಡ್ಡಕ್ಕೆ 1920 ಪಿಕ್ಸೆಲ್, ಮಿಲಿಮೀಟರ್‌ಗೆ 2.4. ಮೀಟಿಂಗಿನಲ್ಲಿ ಆ್ಯಪ್ ಅದನ್ನು 720ಪಿಗೆ ಇಳಿಸುತ್ತದೆ, ಆಗ 1.6. ನನ್ನ ಬಟ್ಟೆಯ ಚುಕ್ಕಿ ಮಿಲಿಮೀಟರ್‌ಗೊಂದು. ಒಂದು ಚುಕ್ಕಿಗೆ ಎರಡು ಪಿಕ್ಸೆಲ್ಲಾದರೂ ಸಿಗದಿದ್ದರೆ ಅಲೆ ಏಳಲೇಬೇಕು.

ಕುರ್ಚಿ ಮುಂದೆ ಎಳೆದೆ. ಚೌಕಟ್ಟು 50 ಸೆಂಟಿಮೀಟರ್‌ಗೆ ಇಳಿಯಿತು, ಅಲೆ ಮಾಯ! ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ನೆಟ್ ಕುಂಟಿತು, ವಿಡಿಯೋ 360ಪಿಗೆ ಬಿತ್ತು, ಅಲೆ ವಾಪಸ್. 1920ರ ದಶಕದ ಬಿಬಿಸಿ ರೇಡಿಯೋ ಉದ್ಘೋಷಕರು ಡಿನ್ನರ್ ಜಾಕೆಟ್ ಹಾಕಿಕೊಂಡೇ ಮೈಕ್ ಮುಂದೆ ಕೂರುತ್ತಿದ್ದರಂತೆ. ಪುಣ್ಯವಂತರು, ನೋಡುವವರೇ ಇರಲಿಲ್ಲ.

ಬಟ್ಟೆ ಅಂಗಡಿಯವನದು ಒಂದೇ ಮಾತು: "ದೂರದಿಂದ ಪ್ಲೇನ್ ಥರಾನೇ ಕಾಣ್ಸುತ್ತೆ ಸಾರ್." ಸಮಸ್ಯೆಯೇ ಅದು ಮಾರಾಯ! ಗುಂಡಿಯವನ ಕಥೆ ಬೇರೆ. ಕೊಂಬಿನ ಗುಂಡಿ ಕೇಳಿದರೆ ಪ್ಲಾಸ್ಟಿಕ್ ಕಳಿಸಿದ, ಅದೂ ಕಾಜಾಕ್ಕಿಂತ ಒಂದು ಸೈಜ್ ದೊಡ್ಡದು.

ಕೊನೆಗೆ ಬರ್ಡ್ಸ್‌ಐ ಮದುವೆ ಮನೆಗೆ ಮೀಸಲು. ಕ್ಯಾಮೆರಾಗೆ ಕಡುನೀಲಿ ಫ್ಲಾನೆಲ್. ಮೇಲ್ಮೈಯ ನವಿರಾದ ಜುಂಗು ನೇಯ್ಗೆಯ ಗೆರೆಯನ್ನೇ ಮುಚ್ಚಿಬಿಡುತ್ತದೆ, 360ಪಿಯಲ್ಲೂ ಅಲೆ ಇಲ್ಲ. ಬಿಳಿ ಶರ್ಟ್ ಬದಲು ತಿಳಿನೀಲಿ, ಮುಖ ಕಪ್ಪಿಡುವುದು ತಪ್ಪಿತು. ಏಪ್ರಿಲ್‌ನಲ್ಲಿ ಫ್ಯಾನ್ ಆಫ್ ಮಾಡಿ ಫ್ಲಾನೆಲ್ ಹಾಕುವ ಸುಖ ಮಾತ್ರ ಕೇಳಬೇಡಿ. ಸೊಂಟದ ಕೆಳಗೆ ಲುಂಗಿ ಇದೆ, ಅಷ್ಟೇ ಸಮಾಧಾನ.

ಕೋಟು ಸಪ್ಪೆಯಾಯಿತಲ್ಲ, ಈಗ ಟೈ ಮೇಲೆ ಕಣ್ಣು. ಗುಳೇದಗುಡ್ಡದ ಖಣದಲ್ಲಿ ಒಂದು ಹೊಲಿಯಬೇಕು. ಓರೆಯಾಗಿ 45 ಡಿಗ್ರಿಗೆ ಕತ್ತರಿಸಬೇಕಾದ್ದರಿಂದ ಕುಪ್ಪಸದ ತುಂಡಿನಲ್ಲಿ ಉದ್ದ ಸಾಲದು. ಆದರೆ ಟೈಗೆ ಹೇಗೂ ಮೂರು ತುಂಡು ಜೋಡಿಸುತ್ತೇವಲ್ವಾ? ನಡುವಿನ ಜೋಡಣೆ ಕಾಲರ್ ಒಳಗೆ ಹೋಗುತ್ತದೆ. ಈ ಸಲ ಕತ್ತರಿ ಹಾಕುವ ಮುಂಚೆ ಖಣವನ್ನು ಕೊರಳಿಗೆ ಸುತ್ತಿಕೊಂಡು, ಮೊಬೈಲ್ ಡೇಟಾದಲ್ಲೇ ಒಂದು ಕಾಲ್ ಮಾಡಿ ನೋಡುವುದು.