ಅಜ್ಜನ ಮಳಿ ಲೆಕ್ಕ

ಹೋದ ವಾರ ಬೆಳಿಗ್ಗೆ ಆರಕ್ಕ ಕಾರಿನ ಗ್ಲಾಸ್ ಮ್ಯಾಲಿನ ಹಿಮ ಕೆರಿಯಾಕ ಹೊರಗ ಬಂದ್ರ ಪಕ್ಕದ್ಮನಿ ಹುಡುಗಿ ಕಂಬಳಿ ಹೊದ್ಕೊಂಡು ನಿಂತಿದ್ಲು. ಇಲ್ಲಿನ ಮೂಲ ಜನ ಮಾವೋರಿಗಳ ಹುಡುಗಿ, ಹನ್ನೊಂದು ವರ್ಷ, ಓದೋದು ಕುರಾದಾಗ, ಅಂದ್ರ ವಿಜ್ಞಾನ ಗಣಿತ ಎಲ್ಲಾ ಮಾವೋರಿ ಭಾಷೆದಾಗ ಕಲಿಸೋ ಸಾಲಿ, ನ್ಯೂಜಿಲೆಂಡಿನಾಗ ಇಂಥಾವು 1985ರಿಂದ ಅದಾವು. "ಮತುವಾ, ಮತಾರಿಕಿ ಬಂದೈತಿ ನೋಡು" ಅಂತ ಈಶಾನ್ಯಕ್ಕ ಕೈ ಮಾಡಿದ್ಲು. (ಮತುವಾ ಅಂದ್ರ ನಮ್ಮ ಕಾಕಾ ಇದ್ದಂಗ.) ಸಾಲಾಗಿರೋ ಮೂರು ಚುಕ್ಕಿ, ಅದರ ಎಡಕ್ಕ ಒಂದು ಕೆಂಪಂದು, ಇನ್ನೂ ಎಡಕ್ಕ ಸಣ್ಣ ಗುಂಪು. ಅಯ್ಯ, ಅದು ನಮ್ಮ ಕೃತ್ತಿಕಾ! ಕೆಂಪಂದು ರೋಹಿಣಿ.

ಇದು ಕಂಡ್ರ ಅವರಿಗೆ ಹೊಸ ವರ್ಷ, 2022ರಿಂದ ಸರ್ಕಾರಿ ರಜಾನೂ ಕೊಡ್ತಾರ. ನಮ್ಮ ಕಡೆ ಮೇ ತಿಂಗಳ ಮಳಿಗೆ ಇದರ ಹೆಸರೈತಿ ಅಂತ ಜಂಬದಿಂದ ಹೇಳ್ದೆ. "ಮೇದಾಗ ಅದು ಕಾಣೋದೇ ಇಲ್ಲಲ್ಲ?" ಅಂದ್ಲು. ನನ್ನ ಬಾಯಿ ಬಂದ್ ಆತು. ಅಕಿ ಗ್ಲಾಸಿನ ಹಿಮದ ಮ್ಯಾಲ ಬೆರಳಿಂದ ಏಳು ಚುಕ್ಕಿ ಇಟ್ಟು, ಜೇಬಿನಾಗಿನ ಕಿತ್ತಳಿ ಹಣ್ಣು ತಗದು ಅದರ ಮುಂದ ಮೆಲ್ಲಕ ಸರಿಸಿದ್ಲು. "ಸೂರ್ಯ ಅಡ್ಡ ಬಂದಿರ್ತಾನ. ನಿಮ್ಮೋರು ಸೂರ್ಯ ಎಲ್ಲಿದಾನ ಅಂತ ಲೆಕ್ಕ ಇಟ್ಟಾರ, ಹೌದಿಲ್ಲೋ?"

ಹೌದಲ್ಲ! ಸೂರ್ಯ ಯಾವ ನಕ್ಷತ್ರದಾಗ ಇರ್ತಾನೋ ಮಳಿಗೆ ಅದೇ ಹೆಸರು. 365 ದಿನ, 27 ನಕ್ಷತ್ರ, ಅದಕ್ಕ ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳಿ. ಇಂಜಿನಿಯರ್ ಆಗಿ, ನಲವತ್ತು ದಾಟಿದ ಮ್ಯಾಲ ಇದು ತಲಿಗೆ ಹೊಳೀತು.

ಕುಷ್ಟಗಿ ತಾಲ್ಲೂಕಿನ ನಮ್ಮೂರಾಗ ಅಜ್ಜ "ರೋಹಿಣಿ ಮಳಿ ಆದ್ರ ಓಣೆಲ್ಲಾ ಜ್ವಾಳ" ಅಂತ ಬೀಜ ಬಿತ್ತೋ ಕೂರಿಗಿ ತಾಳು ನೋಡ್ಕೋತ ಕುಂತಿರ್ತಿದ್ದ. ಎಂಟನೇ ಕ್ಲಾಸಿನಾಗ ಮಳಿ ಪಾಠ ನಡದಾಗ ಅದನ್ನ ನಾನು ಎದ್ದು ನಿಂತು ಹೇಳಿದ್ದೆ. "ಇದು ವಿಜ್ಞಾನ, ಪಂಚಾಂಗ ಅಲ್ಲ, ಕುಂದ್ರು" ಅಂದ್ರು ಮೇಷ್ಟ್ರು, ಇಡೀ ಕ್ಲಾಸ್ ನಕ್ತು. ಆಮ್ಯಾಲ ಮನ್ಯಾಗ ಅಜ್ಜ ಮಳಿ ಹೆಸರು ಎಣಿಸಿದ್ರ ನಾನೂ ನಗ್ತಿದ್ದೆ, ಅದೇ ಈಗ ಚುಚ್ಚತೈತಿ. ನಕ್ಷತ್ರ ಮಳಿ ತರ್ತೈತಿ ಅಂತ ಈಗ್ಲೂ ನಾನು ನಂಬಲ್ಲ, ಆದ್ರ ಆ ಮೇಷ್ಟ್ರ ಕೈಯಾಗ ಒಂದು ಕಿತ್ತಳಿ ಹಣ್ಣು ಇದ್ದಿದ್ರ ಅಜ್ಜನ ಮಾತಿಂದನ ಸೂರ್ಯನ ದಾರಿ ಪಾಠ ಮುಗೀತಿತ್ತು.

ಸಂಜಿಕೆ ಅವ್ವಗ ಫೋನ್ ಹಚ್ಚಿ ಎಲ್ಲಾ ಹೇಳ್ದೆ. "ಅದಿರ್ಲಿ ಬಿಡೋ, ಮಿರಗದ ಮಳಿ ಕೈಕೊಡ್ತು, ಕೂರಿಗಿ ಹೊರಗ ತಗದು ಎಂಟು ದಿನ ಆತು" ಅಂದ್ಲು.